ಮಗಳು ಪ್ರೀ-ಮೆಡ್ ಎರಡನೇ ವರ್ಷ: ಸೇವೆ ಬಿಡಿಸಬೇಕಾ, ಆರ್ಗೋ ಉಳಿಸಿಕೊಳ್ಳಬೇಕಾ?

ಬೆಣ್ಣೆದೋಸೆ_ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ಈಗ ಇರೋದು ನ್ಯೂಜೆರ್ಸಿ. ಮಗಳು ಇಲ್ಲೇ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಮೇಜರ್ ಸೈಕಾಲಜಿ, ಆಸೆ ಇರೋದು ಮೆಡಿಕಲ್ ಮೇಲೆ, ಅದಕ್ಕೆ ತಯಾರಿ ಮಾಡೋದನ್ನೇ ಇಲ್ಲಿ ಪ್ರೀ-ಮೆಡ್ ಅಂತಾರೆ. ವಾರದಲ್ಲಿ ಎರಡು ಸಂಜೆ ಆಸ್ಪತ್ರೆಯಲ್ಲಿ ವಾಲಂಟಿಯರ್, ಶನಿವಾರ ಇಲ್ಲದವರಿಗೆ ದಿನಸಿ ಹಂಚೋ ಫುಡ್ ಬ್ಯಾಂಕ್, ಭಾನುವಾರ ದೇವಸ್ಥಾನದಲ್ಲಿ ಚಿಕ್ಕ ಮಕ್ಕಳಿಗೆ ಪಾಠ, ಇದೆಲ್ಲದರ ಮೇಲೆ ಪ್ರೀ-ಮೆಡ್ ಕ್ಲಬ್ಬಿನ ಖಜಾಂಚಿ. ಆರ್ಗ್ಯಾನಿಕ್ ಕೆಮಿಸ್ಟ್ರಿಯ (ಇವಳು ಆರ್ಗೋ ಅನ್ನೋದು) ಮೊದಲ ಮಿಡ್‌ಟರ್ಮ್‌ನಲ್ಲಿ ಕ್ಲಾಸ್ ಆವರೇಜ್‌ಗಿಂತ ಕೆಳಗೆ ಬಂದಿದೆ. ಹೈಸ್ಕೂಲಿನಲ್ಲಿ ಬಿ ಅಂದರೇನು ಅಂತ ಗೊತ್ತಿಲ್ಲದ ಹುಡುಗಿ.

ಮನೆಯಲ್ಲಿ ಎರಡು ಪಕ್ಷ ಆಗಿದೆ. ಅವರಪ್ಪ "ಮೊದಲು ಓದು, ಸಮಾಜಸೇವೆ ಡಾಕ್ಟರಾದ ಮೇಲೆ ಮಾಡುವಿಯಂತೆ" ಅಂತಾರೆ. ಅವಳು "ಅಪ್ಪಾ, ಇಲ್ಲಿ ಬರೀ ಮಾರ್ಕ್ಸ್ ನೋಡಿ ಯಾರೂ ಇಂಟರ್‌ವ್ಯೂಗೆ ಕರೆಯಲ್ಲ" ಅಂತಾಳೆ. ನಾನು ಪಿಯುಸಿ, ಸಿಇಟಿ ಕಾಲದವಳು, ನನಗೆ ಇಬ್ಬರ ಮಾತೂ ಸರಿ ಅನಿಸುತ್ತೆ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ. ಏನನ್ನ ಬಿಡಿಸಬೇಕು?

ಸುಮ್ನೆ_ಹೇಳ್ದೆ

ಅಪ್ಪ ಹೇಳ್ತಿರೋದೇ ಸರಿ. ಈ ವಾಲಂಟಿಯರಿಂಗ್ ಅನ್ನೋದು ಅಮೆರಿಕದ ದೊಡ್ಡ ನಾಟಕ. ಬಡವರ ಹೆಸರಲ್ಲಿ ಮಕ್ಕಳು ರೆಸ್ಯೂಮೆ ತುಂಬಿಸ್ಕೋತಾರೆ, ಅಷ್ಟೇ. ಗಂಟೆ ಎಣಿಸಿಕೊಂಡು ಮಾಡೋದು ಸೇವೆ ಹೇಗಾಗುತ್ತೆ? ಹೊಲದಲ್ಲಿ ಕೂಲಿ ಲೆಕ್ಕ ಬರೆದ ಹಾಗಾಯ್ತು.

ಕಾಫಿಪುಡಿ

ಆಂಟಿ, ನಾನು ಈಗ ಮೆಡಿಕಲ್ ಸ್ಕೂಲ್ ಎರಡನೇ ವರ್ಷ. ಅಪ್ಪ ಅಮ್ಮ ಚಿಕ್ಕಮಗಳೂರಿನವರು, ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಶಾಲೆಗೆ ಹೋಗಿ ಬರೆಯೋದು ಕಲಿತದ್ದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಲೆಕ್ಕ ಹೇಳಿಬಿಡ್ತೀನಿ, ಅಂಕಲ್‌ಗೂ ತೋರಿಸಿ. ವರ್ಷಕ್ಕೆ ಸುಮಾರು 52–55 ಸಾವಿರ ಜನ ಎಂಡಿ ಸ್ಕೂಲುಗಳಿಗೆ (ಇಲ್ಲಿ ಡಾಕ್ಟರಾಗೋ ಮೊದಲ ಪದವಿಯೇ ಎಂಡಿ) ಅರ್ಜಿ ಹಾಕ್ತಾರೆ, ಸೀಟು ಸಿಗೋದು 23 ಸಾವಿರದಷ್ಟು ಜನಕ್ಕೆ. ಸೇರಿದವರ ಸರಾಸರಿ ಜಿಪಿಎ 4ಕ್ಕೆ 3.8ರ ಆಸುಪಾಸು, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) 528ಕ್ಕೆ 511–512. ಅಂದರೆ ಮಾರ್ಕ್ಸ್ ಬಾಗಿಲು. ಅದು ತೆರೆಯದಿದ್ದರೆ ಒಳಗಿನ ಮಾತೇ ಇಲ್ಲ.

ಒಂದು ಸಿ ಎಷ್ಟು ಎಳೆಯುತ್ತೆ ನೋಡಿ. 60 ಕ್ರೆಡಿಟ್‌ಗೆ 3.8 ಇದೆ ಅಂದುಕೊಳ್ಳಿ. 4 ಕ್ರೆಡಿಟ್‌ನ ಆರ್ಗೋದಲ್ಲಿ ಸಿ (ಅಂದರೆ 2) ಬಂದರೆ 3.69ಕ್ಕೆ ಇಳಿಯುತ್ತೆ. ಆಮ್‌ಕ್ಯಾಸ್‌ನವರು (ಮೆಡಿಕಲ್ ಸ್ಕೂಲುಗಳ ಅರ್ಜಿ ನೋಡಿಕೊಳ್ಳೋ ಸೇವೆ) ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತಕ್ಕೆ ಬೇರೆಯೇ ಸೈನ್ಸ್ ಜಿಪಿಎ ಹಾಕ್ತಾರಲ್ಲ, ಅಲ್ಲಿ 32 ಕ್ರೆಡಿಟ್‌ಗೆ 3.7 ಇದ್ದದ್ದು 3.51 ಆಗುತ್ತೆ. ಅವಳ ಮೇಜರ್ ಸೈಕಾಲಜಿ, ಅದು ಈ ಸೈನ್ಸ್ ಜಿಪಿಎಗೆ ಸೇರಲ್ಲ. ಹಾಗಾಗಿ ಅವಳಿಗೆ ಸೈನ್ಸ್ ಕೋರ್ಸುಗಳೇ ಕಡಿಮೆ, ಒಂದೊಂದೂ ಹೆಚ್ಚು ಭಾರ. ಮತ್ತೆ ಓದಿ ಎ ತೆಗೆದರೂ ಹಳೆಯ ಸಿ ಅಳಿಸಿಹೋಗಲ್ಲ, ಎರಡನ್ನೂ ಸೇರಿಸೇ ಲೆಕ್ಕ ಹಾಕ್ತಾರೆ.

ಇನ್ನು ಅವಳ ಪರವಾಗಿ. ಸೇವೆ, ರೋಗಿಗಳ ಜೊತೆಗಿನ ಅನುಭವ ಏನೂ ಇಲ್ಲದೆ ಬರೀ 3.9 ಹಿಡಿದು ಅರ್ಜಿ ಹಾಕಿ ಒಂದೂ ಇಂಟರ್‌ವ್ಯೂ ಬರದವರನ್ನ ನೋಡಿದೀನಿ. ಆದರೆ ಆಂಟಿ, ಅವಳ ಪಟ್ಟಿ ನೋಡಿದರೆ ಕಾಯಿಲೆ ಸೇವೆಯದ್ದಲ್ಲ, ನಾಲ್ಕು ಕಡೆ ಕಾಲಿಟ್ಟಿದ್ದು. ಅರ್ಜಿಯಲ್ಲಿ ಒಟ್ಟು 15 ಚಟುವಟಿಕೆ ಬರೀಬಹುದು, ಒಂದೊಂದಕ್ಕೆ 700 ಅಕ್ಷರ, ಸ್ಪೇಸ್ ಸೇರಿ. ಅದರಲ್ಲಿ ಮೂರನ್ನ ಮಾತ್ರ ಮನಸ್ಸಿಗೆ ಹತ್ತಿರವಾದದ್ದು ಅಂತ ಆರಿಸಿ ಇನ್ನೂ 1325 ಅಕ್ಷರ ಬರೀಬಹುದು. ಎಲ್ಲರೂ ಓದೋದು ಆ ಮೂರನ್ನ. 15 ಮನೆ ತುಂಬಿಸಲೇಬೇಕು ಅಂತ ಎಲ್ಲೂ ನಿಯಮ ಇಲ್ಲ.

ಹಾಸನದ_ಡಾಕ್ಟ್ರು

ಕಾಫಿಪುಡಿ ಲೆಕ್ಕ ಸರಿಯಾಗಿ ಹೇಳಿದ್ದಾರೆ. ನಾನು ಮಿಶಿಗನ್‌ನಲ್ಲಿ ಫ್ಯಾಮಿಲಿ ಮೆಡಿಸಿನ್. ಓದಿದ್ದು ಮೈಸೂರಿನಲ್ಲಿ. ಇಲ್ಲಿಯ ಒಂದು ಮೆಡಿಕಲ್ ಸ್ಕೂಲಿನವರು ಅಡ್ಮಿಷನ್ ಇಂಟರ್‌ವ್ಯೂಗೆ ನನ್ನನ್ನೂ ಕೂರಿಸುತ್ತಾರೆ, ಹಾಗಾಗಿ ಆ ಕಡೆಯ ಮಾತು ಹೇಳುತ್ತೇನೆ.

ನನ್ನೆದುರು ಬರುವ ಮಕ್ಕಳ ಅರ್ಜಿಯಲ್ಲಿ ನೂರಾರು ಗಂಟೆ ಇರುತ್ತದೆ. ನಾನು ಗಂಟೆಯ ವಿಷಯ ಎತ್ತುವುದೇ ಇಲ್ಲ. "ನಿನಗೆ ನೆನಪಿರುವ ಒಬ್ಬ ರೋಗಿಯ ಬಗ್ಗೆ ಹೇಳಪ್ಪ, ಹೆಸರು ಬೇಡ" ಎನ್ನುತ್ತೇನೆ. ಅರ್ಧಕ್ಕರ್ಧ ಮಕ್ಕಳು ಅಲ್ಲೇ ತಡವರಿಸುತ್ತಾರೆ. ಯಾಕೆಂದರೆ ಅವರು ಕೂತಿದ್ದದ್ದು ಗಿಫ್ಟ್ ಶಾಪಿನಲ್ಲಿ, ಇಲ್ಲವೇ ಮುಂಬಾಗಿಲ ಮಾಹಿತಿ ಮೇಜಿನಲ್ಲಿ. ಆ ಕೆಲಸವೂ ಬೇಕಾದದ್ದೇ, ಆದರೆ ಅಲ್ಲಿ ಕೂತು ರೋಗಿಯನ್ನು ಕಂಡಂತಾಗುವುದಿಲ್ಲ. ಅದೇ ಎಮರ್ಜೆನ್ಸಿಯಲ್ಲಿ ಬೆಚ್ಚನೆಯ ಕಂಬಳಿ ಹೊದಿಸುವ ಹುಡುಗಿ ಬೇರೆಯೇ ಕಲಿಯುತ್ತಾಳೆ. ನೀರು ಕೇಳಿದವರಿಗೆ ನೀರು ಕೊಡುವ ಮುಂಚೆ ನರ್ಸನ್ನು ಕೇಳಬೇಕು, ಅವರು ಆಪರೇಷನ್ನಿಗೆ ಹೊಟ್ಟೆ ಖಾಲಿ ಇಟ್ಟುಕೊಂಡವರಿರಬಹುದು. ಎಷ್ಟೋ ಆಸ್ಪತ್ರೆಗಳಲ್ಲಿ ಹಳದಿ ಕಾಲುಚೀಲ ಹಾಕಿದ್ದರೆ ಬೀಳುವ ಅಪಾಯವಿದೆ ಎಂದು ಗುರುತು, ಅಂಥವರನ್ನು ಒಬ್ಬರೇ ಏಳಲು ಬಿಡಬಾರದು. ಚಿಕ್ಕ ವಿಷಯಗಳೇ, ಆದರೆ ಡಾಕ್ಟರು ರೂಮಿನಿಂದ ಹೊರಗೆ ಹೋದ ಮೇಲೆ ರೋಗಿ ಏನು ಕೇಳುತ್ತಾರೆ ಎನ್ನುವುದು ಕಂಬಳಿ ಕೊಡುವವರಿಗೆ ಗೊತ್ತಾಗುತ್ತದೆ, ನನಗೆ ಗೊತ್ತಾಗುವುದಿಲ್ಲ.

ಅಮ್ಮ, ನಿಮ್ಮ ಮಗಳು ಆಸ್ಪತ್ರೆಯಲ್ಲಿ ಯಾವ ಜಾಗದಲ್ಲಿದ್ದಾಳೆ?

"ನಾಟಕ" ಎಂದವರಿಗೆ: ಗಂಟೆ ಎಣಿಸುವುದು ನನಗೂ ಇಷ್ಟವಿಲ್ಲ. ಆದರೆ ನಮ್ಮ ಮೈಸೂರಿನಲ್ಲೇ 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು, ಡಾ. ಆರ್. ಬಾಲಸುಬ್ರಹ್ಮಣ್ಯಂ ಜೊತೆ ಸೇರಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಆಗ ಅವರಿನ್ನೂ ವಿದ್ಯಾರ್ಥಿಗಳು. ಹೆಗ್ಗಡದೇವನಕೋಟೆಯ ಕಾಡಿನಂಚಿನ ಆದಿವಾಸಿ ಹಾಡಿಗಳಿಗೆ ಹೋಗಿ ಕೆಲಸ ಮಾಡಿ, ಮುಂದೆ ಸರಗೂರಿನಲ್ಲಿ ಆಸ್ಪತ್ರೆಯೇ ಎದ್ದಿತು. ಅವರಿಗೆ ಯಾವ ಆಮ್‌ಕ್ಯಾಸೂ ಇರಲಿಲ್ಲ. ಓದುವ ಮಕ್ಕಳ ಸೇವೆ ಎಲ್ಲವೂ ತೋರಿಕೆಯದ್ದು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಸುಮ್ನೆ_ಹೇಳ್ದೆ

ಡಾಕ್ಟ್ರೇ, ಅವರು ಸೀಟು ಸಿಕ್ಕ ಮೇಲೆ ಮಾಡಿದ್ದು. ಸೀಟಿಗೋಸ್ಕರ ಮಾಡಿದ್ದಲ್ಲ. ನನ್ನ ವಾದ ಅಲ್ಲೇ ಇದೆ.

ಹಾಸನದ_ಡಾಕ್ಟ್ರು

ಆ ವ್ಯತ್ಯಾಸ ಒಪ್ಪಿದೆ. ಆದರೆ ಸೀಟಿಗೆಂದು ಹೋದ ಎಷ್ಟೋ ಮಕ್ಕಳು ಸೀಟು ಸಿಕ್ಕ ಮೇಲೂ ಅದೇ ಕ್ಲಿನಿಕ್ಕಿಗೆ ಹೋಗುತ್ತಿರುವುದನ್ನು ನೋಡಿದ್ದೇನೆ. ಎರಡು ತಿಂಗಳಿಗೇ ನಿಲ್ಲಿಸಿ, ನನಗೆ ಇದು ಆಗಿಬರುವುದಿಲ್ಲ ಎಂದು ದಾರಿ ಬದಲಿಸಿದವರನ್ನೂ ನೋಡಿದ್ದೇನೆ. ವರ್ಷಗಟ್ಟಲೆಯ ಮೆಡಿಕಲ್ ಓದು ಶುರುವಾಗುವ ಮುಂಚೆ ಅದು ತಿಳಿಯುವುದೂ ಒಳ್ಳೆಯದೇ ಅಲ್ಲವೇ?

ಉಣಕಲ್_ಕೆರಿ

ನಮಸ್ಕಾರ್ರಿ ಅಕ್ಕಾರ. ನಾ ಇಲ್ಲೆ ಹುಬ್ಬಳ್ಳ್ಯಾಗ ಎಂಬಿಬಿಎಸ್ ಎರಡನೇ ವರ್ಷ. ನಿಮ್ಮ ಕಡೆ ಕಥಿ ಓದಿ ತಲಿ ಗಿರ್ ಅಂತು. ನಮಗ ನೀಟ್‌ನಾಗ 180 ಪ್ರಶ್ನೆ, 720 ಮಾರ್ಕ್ಸ್, ಮುಗೀತು. ನೀ ರಕ್ತ ಕೊಟ್ಟೀದಿ, ಮುದುಕರ ಕೈ ಹಿಡದೀದಿ ಅಂತ ಕೌನ್ಸೆಲಿಂಗ್‌ನಾಗ ಯಾರೂ ಕೇಳಂಗಿಲ್ಲ. ಲಾಂಗ್ ಟರ್ಮ್ ಕೂತಾಗ ನಾ ಕೋಣಿ ಬಿಟ್ಟು ಹೊರಗ ಬಂದಿದ್ದ ಊಟಕ್ಕ ಮತ್ತ ಟೆಸ್ಟಿಗೆ ಅಷ್ಟ.

ಆದ್ರ ಒಂದ್ ಮಾತು ಹೇಳ್ತೀನ್ರಿ. ಈಗ ಎನ್‌ಎಂಸಿಯವ್ರು (ಮೆಡಿಕಲ್ ಕಾಲೇಜು ನೋಡ್ಕೊಳ್ಳು ರಾಷ್ಟ್ರೀಯ ಆಯೋಗ) ಫ್ಯಾಮಿಲಿ ಅಡಾಪ್ಷನ್ ಪ್ರೋಗ್ರಾಂ ಅಂತ ತಂದಾರ. ಮೊದಲ ವರ್ಷದಿಂದನ ಒಬ್ಬೊಬ್ಬ ವಿದ್ಯಾರ್ಥಿಗೆ ಹಳ್ಳ್ಯಾಗ ಒಂದಿಷ್ಟು ಮನಿ ಕೊಡ್ತಾರ, ಅವರ ಬಿಪಿ, ಶುಗರ್, ಹುಡುಗ್ರ ತೂಕ, ಲಸಿಕಿ ಎಲ್ಲಾ ನೋಡ್ಕೊಂಡು ಹೋಗಬೇಕು. ಮೊದಲ ಸಲ ಹೋದಾಗ ನಮ್ಮ ಬ್ಯಾಚಿನವ್ರಿಗೆ ಆ ಮಂದಿ ಜೋಡಿ ಏನ್ ಮಾತಾಡಬೇಕು ಅನ್ನೂದ ತಿಳಿವಲ್ದಾಗಿತ್ತು. ರ‍್ಯಾಂಕ್ ಬಂದವ್ರು ಗ್ವಾಡಿಗೆ ಆತು ನಿಂತಿದ್ರು. ಒಬ್ಬ ಆಯಿ "ಕೂಡ್ರಪಾ, ಮೊದಲ ಚಾ ಕುಡಿ" ಅಂದಮ್ಯಾಲೆ ಮಾತು ಶುರುವಾತು. ಆ ಅಂಜಿಕಿ ನಿಮ್ಮ ಮಗಳಿಗೆ ಇರಂಗಿಲ್ಲ ನೋಡ್ರಿ. ಆಕಿ ಅದನ್ನ ಈಗ ದಾಟ್ಯಾಳ.

ಬೆಣ್ಣೆದೋಸೆ_ಅಮ್ಮ

ಎಲ್ಲರಿಗೂ ಧನ್ಯವಾದ. ಡಾಕ್ಟ್ರೇ, ಕೇಳಿದೆ. ಆಸ್ಪತ್ರೆಯಲ್ಲಿ ಹೆಚ್ಚಿನ ಹೊತ್ತು ಮುಂದಿನ ಲಾಬಿಯಲ್ಲಿ ದಾರಿ ತೋರಿಸೋದು, ಡಿಸ್ಚಾರ್ಜ್ ಆದವರನ್ನ ವ್ಹೀಲ್‌ಚೇರಿನಲ್ಲಿ ಕಾರಿನವರೆಗೆ ಬಿಡೋದು. ನಾನು ಗಂಟೆಗಳ ಲೆಕ್ಕ ಕೇಳಿದ್ದಕ್ಕೆ ತಟ್ಟನೆ ಹೇಳಿದಳು. ರೋಗಿಗಳ ಬಗ್ಗೆ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಫುಡ್ ಬ್ಯಾಂಕಿನ ಒಬ್ಬ ಅಜ್ಜನ ವಿಷಯ. ಅವರಿಗೆ ಡಯಾಬಿಟಿಸ್ ಅಂತೆ, ಡಬ್ಬಿ ಮೇಲಿನ ಅಕ್ಷರ ಓದಕ್ಕೆ ಬರಲ್ವಂತೆ, ಸಕ್ಕರೆ ಪಾಕದಲ್ಲಿ ಹಾಕಿದ ಹಣ್ಣಿನ ಡಬ್ಬಿಗಳನ್ನೇ ಪ್ರತಿ ವಾರ ಒಯ್ಯುತ್ತಿದ್ದರಂತೆ. ಇವಳು ಈಗ ಅವರಿಗೆ ಅಂತ ಬೇರೆ ಚೀಲ ತೆಗೆದಿಡ್ತಾಳೆ. ನನಗೆ ಇದುವರೆಗೂ ಹೇಳೇ ಇರಲಿಲ್ಲ.

ಕಾಫಿಪುಡಿ

ಆಂಟಿ, ಅವಳ 1325 ಅಕ್ಷರ ಅಲ್ಲೇ ಇದೆ! ಫುಡ್ ಬ್ಯಾಂಕ್ ಬಿಡಿಸಬೇಡಿ. ಬಿಡೋದಾದರೆ ಲಾಬಿ ಬಿಡಲಿ.

ಇನ್ನೊಂದು. ಎಂಕ್ಯಾಟ್‌ನಲ್ಲಿ 2015ರಿಂದ ಸೈಕಾಲಜಿ-ಸೋಷಿಯಾಲಜಿಗೆ ಒಂದು ಪೂರ್ತಿ ಸೆಕ್ಷನ್ ಇದೆ, 59 ಪ್ರಶ್ನೆ, 95 ನಿಮಿಷ. ಬಡತನ, ಓದುಬರಹ, ಇರೋ ಜಾಗ ಇವೆಲ್ಲ ಆರೋಗ್ಯವನ್ನ ಹೇಗೆ ತಿರುಗಿಸುತ್ತವೆ ಅಂತ ಅದರಲ್ಲಿ ಕೇಳ್ತಾರೆ. ಬರೀ ಫ್ಲ್ಯಾಶ್ ಕಾರ್ಡಿನಲ್ಲಿ ಓದಿದವರಿಗೆ ಅದು ಬಾಯಿಪಾಠ. ಆ ಅಜ್ಜನನ್ನ ನೋಡಿದವಳಿಗೆ ಪ್ಯಾಸೇಜ್ ಅರ್ಧ ಓದುವಾಗಲೇ ಉತ್ತರ ಹೊಳೆಯುತ್ತೆ. ಸೇವೆಯಿಂದ ಓದಿಗೆ ಸಹಾಯ ಆಗೋದು ಇಂಥ ಕಡೆ. ಆರ್ಗೋಗೆ ಮಾತ್ರ ಆಗಲ್ಲ, ಅದಕ್ಕೆ ಕೂತು ಬರೀಲೇಬೇಕು.

ಬೀಕರ್

ಆರ್ಗೋ ಬಗ್ಗೆ ನಾನು ಮಾತಾಡಬಹುದು. ಪೆನ್ಸಿಲ್ವೇನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡ್ತೀನಿ, ಊರು ಪುತ್ತೂರು.

ಮಿಡ್‌ಟರ್ಮ್ ಕೈಕೊಟ್ಟ ತಕ್ಷಣ ಮನೆಯವರು ವೇಳಾಪಟ್ಟಿ ನೋಡ್ತಾರೆ. ನಾನು ಮೊದಲು ಉತ್ತರಪತ್ರಿಕೆ ನೋಡ್ತೇನೆ. ನಮ್ಮ ಮಕ್ಕಳು ಬುದ್ಧಿವಂತರು, ಹೈಸ್ಕೂಲಿನವರೆಗೆ ನೆನಪಿನ ಶಕ್ತಿಯಲ್ಲೇ ದಾಟಿಬಿಟ್ಟಿರ್ತಾರೆ. ಆರ್ಗೋದಲ್ಲಿ ನೂರು ರಿಯಾಕ್ಷನ್ ಉರು ಹೊಡೆದರೆ ನೂರಾ ಒಂದನೆಯದು ಪರೀಕ್ಷೆಗೆ ಬರುತ್ತೆ. ಎಲೆಕ್ಟ್ರಾನ್ ಎಲ್ಲಿ ಹೆಚ್ಚಿದೆ, ಎಲ್ಲಿ ಕಡಿಮೆ, ಬಾಣ ಯಾವ ಕಡೆಯಿಂದ ಯಾವ ಕಡೆಗೆ, ಇದು ಕೈಗೆ ಹತ್ತಬೇಕು. ಸಾಮಾನ್ಯವಾಗಿ ಎರಡನೇ ಮಿಡ್‌ಟರ್ಮ್‌ಗೆ ಎಸ್‌ಎನ್‌1, ಎಸ್‌ಎನ್‌2, ಇ1, ಇ2 ಅನ್ನೋ ನಾಲ್ಕು ಬಗೆಯ ರಿಯಾಕ್ಷನ್ ಬರುತ್ತೆ. ಪುಸ್ತಕ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ, ಮೂರು ಗುಂಪು ಅಂಟಿಕೊಂಡಿರುವ ಕಾರ್ಬನ್ನಿಗೆ ಎಸ್‌ಎನ್‌2 ಯಾಕೆ ಆಗಲ್ಲ ಅಂತ ಚಿತ್ರ ಬರೆದು ನಿಮಗೆ ವಿವರಿಸಲಿ. ನಿಮಗೆ ಕೆಮಿಸ್ಟ್ರಿ ಬರದಿದ್ದರೆ ಇನ್ನೂ ಒಳ್ಳೆಯದು. ಹೊಸ ಗುಂಪಿಗೆ ಹಿಂದುಗಡೆಯಿಂದ ಬರಲು ಜಾಗವೇ ಇಲ್ಲ ಅನ್ನೋದು ನಿಮಗೆ ಅರ್ಥವಾದರೆ ಅವಳಿಗೆ ಬಂದಿದೆ ಅಂತ ಲೆಕ್ಕ.

ಪ್ರೊಫೆಸರ್ ಆಫೀಸ್ ಅವರ್ಸ್‌ಗೆ ಹೋಗ್ತಾಳಾ ಕೇಳಿ. ಬಹುಪಾಲು ನಮ್ಮ ಮಕ್ಕಳು ಹೋಗಲ್ಲ, ಗೊತ್ತಿಲ್ಲ ಅಂತ ತೋರಿಸಿಕೊಳ್ಳೋದಕ್ಕೆ ನಾಚಿಕೆ. ಮುಂದೆ ಅರ್ಜಿಗೆ ಸೈನ್ಸ್ ಪ್ರೊಫೆಸರುಗಳ ಪತ್ರ ಬೇಕಾದಾಗ, ಮುಖ ಗುರುತಿಲ್ಲದವರಿಗೆ ನಾವು ಏನು ಬರೆಯೋದು? ಕೆಳಗಿನಿಂದ ಎದ್ದು ಬಂದವರ ಬಗ್ಗೆ ಬರೆಯೋದು ನನಗೆ ಸುಲಭ.

ವಿತ್‌ಡ್ರಾ ಮಾಡುವ ಕೊನೆ ತಾರೀಕು ಯಾವಾಗ ಅಂತಲೂ ನೋಡಿಟ್ಟುಕೊಳ್ಳಿ. ಎರಡನೇ ಮಿಡ್‌ಟರ್ಮ್‌ನಲ್ಲೂ ಮುಳುಗಿದರೆ, ಒಂದು ಡಬ್ಲ್ಯೂ ಜಿಪಿಎಗೆ ಸೇರಲ್ಲ. ಅದನ್ನೇ ಅಭ್ಯಾಸ ಮಾಡಿಕೊಂಡರೆ ಮಾತ್ರ ಕಣ್ಣಿಗೆ ಹೊಡೆಯುತ್ತೆ.

ಈ ಕೋರ್ಸ್ ಚೆನ್ನಾಗಿ ಮುಗಿಸಿದರೆ, ಮುಂದಿನ ವರ್ಷ ಅದೇ ಕ್ಲಾಸಿಗೆ ಪೀರ್ ಟ್ಯೂಟರ್ ಆಗಲಿ. ಇನ್ನೊಬ್ಬರಿಗೆ ಹೇಳಿಕೊಟ್ಟಾಗ ತನಗೇ ಗಟ್ಟಿಯಾಗುತ್ತೆ, ಎಂಕ್ಯಾಟ್‌ಗೆ ಮತ್ತೆ ಓದೋ ಹೊತ್ತು ಉಳಿಯುತ್ತೆ, ಕಾಲೇಜಿನಿಂದ ಸ್ವಲ್ಪ ದುಡ್ಡೂ ಬರಬಹುದು. ಸೇವೆ ಬೇರೆ, ಓದು ಬೇರೆ ಅಂತ ಎರಡು ಬಾಬತ್ತು ಇಡಬೇಕಾಗಿಲ್ಲ.

ಕೊಡಚಾದ್ರಿ

ನಾನು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಹಾಸ್ಪಿಸ್‌ನಲ್ಲಿ ವಾಲಂಟಿಯರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಪ್ರೀ-ಮೆಡ್ ಮಕ್ಕಳ ಬಗ್ಗೆ ನಮ್ಮ ಕಡೆಯಿಂದಲೂ ಒಂದೆರಡು ಮಾತು ಇರಲಿ.

ಹಾಸ್ಪಿಸ್‌ಗೆ ವಾಲಂಟಿಯರುಗಳು ಅಲಂಕಾರಕ್ಕಲ್ಲ. ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ನಿಯಮದಲ್ಲೇ ಇದೆ, ರೋಗಿಗಳ ಆರೈಕೆಗೆ ಸಿಬ್ಬಂದಿ ಕೊಡುವ ಒಟ್ಟು ಗಂಟೆಗಳ ಕನಿಷ್ಠ ಶೇಕಡಾ 5ರಷ್ಟಾದರೂ ವಾಲಂಟಿಯರುಗಳಿಂದ ಬರಬೇಕು. ಹಾಗಾಗಿ ನಾವು ಕಾಲೇಜು ಮಕ್ಕಳನ್ನು ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ತರಬೇತಿ ಕೊಡುತ್ತೇವೆ, ಆಮೇಲೆ ಸಾಮಾನ್ಯವಾಗಿ ವಾರಕ್ಕೊಂದು ಭೇಟಿ. ಮರೆವಿನ ಕಾಯಿಲೆಯವರ ಪಕ್ಕ ಕೂರುವುದು, ಹಳೆಯ ಫೋಟೋ ನೋಡುವುದು, ಮನೆಯವರು ಸ್ನಾನ ಮಾಡಿ ಬರುವವರೆಗೆ ಅಲ್ಲೇ ಇರುವುದು. ಔಷಧ ಮುಟ್ಟುವ ಹಾಗಿಲ್ಲ, ಎತ್ತಿ ಮಲಗಿಸುವ ಹಾಗಿಲ್ಲ.

ತೊಂದರೆ ಎಲ್ಲಿ ಬರುತ್ತದೆಂದರೆ, ಡಿಸೆಂಬರ್ ಬಂದರೆ ಸಾಕು, ಮಕ್ಕಳು ಮಾಯ. ಫೈನಲ್ಸ್ ಎಂದು ಮೊದಲೇ ಹೇಳಿದರೆ ನಾವು ಬೇರೆಯವರನ್ನು ಕಳಿಸುತ್ತೇವೆ, ಯಾರಿಗೂ ಬೇಜಾರಿಲ್ಲ. ಹೇಳದೆ ಬಿಟ್ಟರೆ ಮಂಗಳವಾರ ಮೂರು ಗಂಟೆಗೆ ಆ ಹುಡುಗಿ ಬರುತ್ತಾಳೆಂದು ತಲೆ ಬಾಚಿಕೊಂಡು ಕೂತ ಅಜ್ಜಿಗೆ ನಾನು ಏನು ಹೇಳಲಿ? ಎಂಟು ಗಂಟೆ ಬರುತ್ತೇನೆಂದು ಹೇಳಿ ತಪ್ಪಿಸುವವರಿಗಿಂತ ಎರಡೇ ಗಂಟೆ ಹೇಳಿ ಬರುವವರು ನಮಗೆ ಬೇಕು. ಅಂಥವರಿಗೆ ನಾನು ಬರೆಯುವ ಪತ್ರವೂ ಬೇರೆ ಥರ ಇರುತ್ತದೆ, ಅದು ಸುಳ್ಳಲ್ಲ.

ಒಂದು ಎಚ್ಚರಿಕೆ. ಇಲ್ಲಿ ರೋಗಿಗಳು ತೀರಿಕೊಳ್ಳುತ್ತಾರೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸ್ವಲ್ಪ ಕಾಲ ತಡೆದು ಬರಲು ನಾವೇ ಹೇಳುತ್ತೇವೆ.

ರಜೆಗೆ_ಊರಿಗೆ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಮಗನೂ ಪ್ರೀ-ಮೆಡ್. ಬೇಸಿಗೆಗೆ ಶಿವಮೊಗ್ಗಕ್ಕೆ ಕಳಿಸೋಣ ಅಂತಿದೀವಿ, ನಮ್ಮ ಭಾವನದ್ದು ನರ್ಸಿಂಗ್ ಹೋಮ್ ಇದೆ. ಇಲ್ಲಿ ವಾಲಂಟಿಯರುಗಳಿಗೆ ಏನೂ ಮುಟ್ಟೋಕೆ ಬಿಡಲ್ಲ. ಅಲ್ಲಾದರೆ ಆಪರೇಷನ್ ಥಿಯೇಟರ್ ಒಳಗೇ ಬಿಡ್ತಾರೆ, ಹೊಲಿಗೆ ಹಾಕೋದೂ ಕಲಿಸ್ತೀನಿ ಅಂತ ಭಾವ ಹೇಳ್ತಿದಾರೆ. ಅರ್ಜಿಗೆ ತೂಕ ಬರುತ್ತಲ್ವಾ?

ಹಾಸನದ_ಡಾಕ್ಟ್ರು

ತೂಕ ಬರುವುದಿಲ್ಲ, ಅರ್ಜಿಯೇ ಕುಸಿಯುತ್ತದೆ. ಇಲ್ಲಿ ಮಾಡಲು ಅರ್ಹತೆಯಿಲ್ಲದ ಕೆಲಸವನ್ನು ಬೇರೆ ದೇಶದ ರೋಗಿಯ ಮೇಲೆ ಮಾಡಬಾರದೆಂದು ಎಎಎಂಸಿಯ (ಅಮೆರಿಕದ ಮೆಡಿಕಲ್ ಸ್ಕೂಲುಗಳ ಸಂಘ) ಮಾರ್ಗಸೂಚಿಯೇ ಇದೆ. "ಭಾರತದಲ್ಲಿ ಹೊಲಿಗೆ ಹಾಕಿದೆ" ಎಂದು ಓದಿದ ಕೂಡಲೇ ಕಮಿಟಿಯವರ ಮುಖ ಬದಲಾಗುತ್ತದೆ. ಅದಕ್ಕಿಂತ ಮೊದಲಿನ ಪ್ರಶ್ನೆ, ಆ ಹೊಲಿಗೆ ಹಾಕಿಸಿಕೊಳ್ಳುವವರು ಯಾರು? ಭದ್ರಾವತಿಯಿಂದಲೋ ತೀರ್ಥಹಳ್ಳಿಯಿಂದಲೋ ಬಸ್ಸು ಹತ್ತಿ ಬಂದ ರೋಗಿ. ತನ್ನ ಕೈಗೆ ಸೂಜಿ ಹಾಕುತ್ತಿರುವವನು ಡಾಕ್ಟರಲ್ಲ, ಕಾಲೇಜು ಹುಡುಗ ಎಂದು ಅವರಿಗೆ ಯಾರಾದರೂ ಹೇಳುತ್ತಾರೆಯೇ?

ಹುಡುಗ ಊರಿಗೆ ಹೋಗಲಿ, ಖಂಡಿತ ಹೋಗಲಿ. ಭಾವನವರ ಓಪಿಡಿಯಲ್ಲಿ ರೋಗಿಗಳ ಒಪ್ಪಿಗೆ ಕೇಳಿ ಮೂಲೆಯಲ್ಲಿ ಕೂತು ನೋಡಲಿ. ಅರ್ಜಿಯಲ್ಲಿ ಅದಕ್ಕೆ ಶ್ಯಾಡೋಯಿಂಗ್ ಎಂದು ಬೇರೆಯೇ ವಿಭಾಗ ಇದೆ. ಅದಕ್ಕಿಂತ ಒಳ್ಳೆಯದು, ಒಂದು ವಾರ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತಲಿ. ನರ್ಸಿಂಗ್ ಹೋಮಿಗೆ ಬರುವ ಮುಂಚೆ ರೋಗಿ ಎಲ್ಲೆಲ್ಲಿ ತಡೆದು ನಿಂತಿದ್ದ ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ರಜೆಗೆ_ಊರಿಗೆ

ಇಷ್ಟು ಕಟುವಾಗಿ ಹೇಳಬೇಕಿತ್ತಾ ಡಾಕ್ಟ್ರೇ… ಆದರೂ ಭಾವನಿಗೆ ಈ ಮೆಸೇಜ್ ಕಳಿಸ್ತೀನಿ.

ತುಂಗೆ_ನೀರು

ಡಾಕ್ಟರಿಗೆ ನನ್ನದೂ ಒಂದು ಪ್ರಶ್ನೆ. ನನ್ನ ತಂಗಿ ಮಗಳು ವಾಲಂಟಿಯರ್ ಮಾಡುವ ವಾರ್ಡಿಗೆ ತುಮಕೂರಿನ ಒಬ್ಬ ಅಜ್ಜಿ ಬಂದಿದ್ದರು, ಮಗನ ಮನೆಗೆ ಬಂದವರು. ಫೋನಿನಲ್ಲಿ ಹಿಂದಿ ದುಭಾಷಿಯನ್ನು ಹಾಕಿದರಂತೆ, ಅಜ್ಜಿಗೆ ಹಿಂದಿ ಬರಲ್ಲ. ಇವಳು ಕನ್ನಡ ಮಾತಾಡ್ತಾಳೆ ಅಂತ ಗೊತ್ತಾಗಿ, ಆಪರೇಷನ್ ಒಪ್ಪಿಗೆ ಪತ್ರ ಓದಿ ಹೇಳು ಅಂದರಂತೆ. ಇವಳು ಹೇಳಬಹುದಿತ್ತಾ?

ಹಾಸನದ_ಡಾಕ್ಟ್ರು

ಒಪ್ಪಿಗೆ ಪತ್ರ ಬೇಡವೇ ಬೇಡ. ಅಫರ್ಡಬಲ್ ಕೇರ್ ಆಕ್ಟಿನ (ಇಲ್ಲಿನ ಆರೋಗ್ಯ ಕಾನೂನು) 1557ನೇ ಸೆಕ್ಷನ್ ಪ್ರಕಾರ ಅರ್ಹ ದುಭಾಷಿಯನ್ನು ಒದಗಿಸುವುದು ಆಸ್ಪತ್ರೆಯ ಹೊಣೆ, ರೋಗಿಗೆ ಖರ್ಚಿಲ್ಲದೆ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಅರಿವಳಿಕೆಯ ಅಪಾಯ, ರಕ್ತ ಕೊಡುವ ವಿಷಯ ಇವನ್ನೆಲ್ಲ ತಪ್ಪಿಲ್ಲದೆ ಹೇಳಲು ಬರುತ್ತದೆಂದು ಯಾರು ಪರೀಕ್ಷೆ ಮಾಡಿದ್ದಾರೆ? "ನಾನು ದುಭಾಷಿಯಲ್ಲ, ದಯವಿಟ್ಟು ಕನ್ನಡದವರನ್ನು ಕರೆಸಿ" ಎಂದು ಚಾರ್ಜ್ ನರ್ಸಿಗೆ ಹೇಳಿದರೆ ಅವಳ ಕೆಲಸ ಮುಗಿಯಿತು. ಫೋನಿನ ಸೇವೆಗಳಲ್ಲಿ ಕನ್ನಡದವರು ಸಿಗುತ್ತಾರೆ, ಕೇಳಬೇಕು ಅಷ್ಟೆ. ಆದರೆ ಅಜ್ಜಿಯ ಪಕ್ಕ ಕೂತು ಊಟ ಸೇರಿತಾ, ಚಳಿ ಆಗುತ್ತಿದೆಯಾ ಎಂದು ಕೇಳುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಸಾಲಲ್ಲಿ_ನಿಂತವ

ಇಷ್ಟು ಹೊತ್ತು ಓದುತ್ತಾ ಇದ್ದೆ. ಇಲ್ಲಿ ಯಾರೂ ಎತ್ತದ ಒಂದು ವಿಷಯ ಇದೆ. ನಾವಿನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿ. ಮಗ ಹುಟ್ಟಿದ್ದು ಮೈಸೂರಿನಲ್ಲಿ, ಇಲ್ಲಿಗೆ ಬಂದದ್ದು ಶಾಲೆಗೆ ಸೇರೋ ವಯಸ್ಸಿನಲ್ಲಿ, ಈಗ ಹೆಚ್4 (ನಮ್ಮ ಕೆಲಸದ ವೀಸಾ ಜೊತೆ ಮನೆಯವರಿಗೆ ಕೊಡೋ ವೀಸಾ), ಕಾಲೇಜು ಮೊದಲ ವರ್ಷ. ಹೆಚ್4 ಮಕ್ಕಳಿಗೆ ದುಡಿಯೋ ಹಾಗಿಲ್ಲ. ಅವನ ಸ್ನೇಹಿತರೆಲ್ಲ ಸ್ಕ್ರೈಬ್ (ಡಾಕ್ಟರ ಟಿಪ್ಪಣಿ ಬರೆಯೋರು), ಇಎಂಟಿ (ಆಂಬುಲೆನ್ಸ್ ಸಿಬ್ಬಂದಿ) ಅಂತ ಸಂಬಳದ ಕೆಲಸದಲ್ಲೇ ರೋಗಿಗಳ ಅನುಭವ ಪಡೀತಾರೆ. ಇವನಿಗೆ ಉಳಿದಿರೋದು ವಾಲಂಟಿಯರಿಂಗ್ ಒಂದೇ. ಅದರಲ್ಲೂ ಜಾಗ್ರತೆ ಬೇಕು ಅಂತ ವಕೀಲರು ಹೇಳಿದರು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸೋ ಕೆಲಸವನ್ನ ಇವನು ಪುಕ್ಕಟೆ ಮಾಡಿದರೆ ಅದನ್ನ ಸೇವೆ ಅಂತ ಒಪ್ಪಲ್ಲ. ಹಾಗಾಗಿ "ಸಂಬಳ ಬೇಡ, ಸ್ಕ್ರೈಬ್ ಆಗ್ತೀನಿ" ಅನ್ನೋ ಉಪಾಯವೂ ನಡೆಯಲ್ಲ.

21 ತುಂಬಿದರೆ ಹೆಚ್4 ಮುಗೀತು, ಎಫ್1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಆಮೇಲೆ ಮೆಡಿಕಲ್ ಸ್ಕೂಲಿಗೆ ಇವನು ಅಂತಾರಾಷ್ಟ್ರೀಯ ವಿದ್ಯಾರ್ಥಿ. ಬಹಳಷ್ಟು ಸ್ಕೂಲುಗಳು ಅರ್ಜಿಯನ್ನೇ ತಗೊಳಲ್ಲ, ತಗೊಳ್ಳೋ ಕೆಲವು ಕಡೆ ನಾಲ್ಕು ವರ್ಷದ ಫೀ ಮುಂಚೆಯೇ ಇಡು ಅಂತಾರೆ. ಫೆಡರಲ್ ಲೋನ್ ಇಲ್ಲ. ಮಾರ್ಕ್ಸಾ ಸೇವೆಯಾ ಅಂತ ನೀವೆಲ್ಲ ಚರ್ಚೆ ಮಾಡ್ತಿದೀರಿ. ನಮ್ಮ ಮನೆಯಲ್ಲಿ ಆ ಚರ್ಚೆಗೂ ಮುಂಚೆ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸಾಲಿನಲ್ಲಿ ನಮ್ಮ ಸರದಿಯ ತಾರೀಕು) ನೋಡ್ತೀವಿ.

ಕಾಫಿಪುಡಿ

ಅಂಕಲ್, ನಿಮ್ಮ ಮಾತು ನಿಜ, ನನ್ನ ಕ್ಲಾಸ್‌ಮೇಟ್ ಒಬ್ಬ ಇದೇ ದಾರಿಯಲ್ಲಿ ಬಂದವನು. ಎಫ್1ನವರನ್ನ ತಗೊಳ್ಳೋ ಪ್ರೈವೇಟ್ ಸ್ಕೂಲುಗಳ ಪಟ್ಟಿಯನ್ನ ಮೊದಲ ವರ್ಷದಲ್ಲೇ ಮಾಡಿಟ್ಟುಕೊಂಡಿದ್ದ. ವರ್ಷವರ್ಷ ಅದು ಬದಲಾಗುತ್ತೆ, ಎಎಎಂಸಿಯ ಎಂಎಸ್‌ಎಆರ್‌ನಲ್ಲಿ (ಸ್ಕೂಲುಗಳ ವಿವರ ಇರೋ ಜಾಲತಾಣ) ಒಂದೊಂದು ಸ್ಕೂಲಿನದ್ದೂ ನೋಡಬಹುದು. ಮಗನಿಗೆ 18 ಆಗಿದ್ದರೆ ಕ್ರೈಸಿಸ್ ಟೆಕ್ಸ್ಟ್ ಲೈನ್ (ಕಷ್ಟದಲ್ಲಿರೋರ ಜೊತೆ ಮೆಸೇಜಿನಲ್ಲಿ ಮಾತಾಡೋ ಸೇವೆ) ವಿಚಾರಿಸಲಿ. ತರಬೇತಿ ಅವರೇ ಕೊಡ್ತಾರೆ, ಆಮೇಲೆ 200 ಗಂಟೆ ಮಾಡಿಕೊಡ್ತೀನಿ ಅಂತ ಒಪ್ಪಿಕೋಬೇಕು, ಎಲ್ಲ ಮನೆಯಿಂದಲೇ. ಕೈಯಲ್ಲಿ ಕಾರಿಲ್ಲದವರಿಗೆ ಅನುಕೂಲ. ವೀಸಾ ವಿಷಯ ಮಾತ್ರ ವಕೀಲರನ್ನ ಕೇಳಿಯೇ ಸೇರಲಿ.

ಬೆಣ್ಣೆದೋಸೆ_ಅಮ್ಮ

ನಿನ್ನೆ ರಾತ್ರಿ ಮೂರೂ ಜನ ಕೂತು ಮಾತಾಡಿದ್ವಿ. ಈ ಸೆಮಿಸ್ಟರ್ ಮುಗಿಯೋವರೆಗೆ ಆಸ್ಪತ್ರೆ ಲಾಬಿ ಬಿಡ್ತಾಳೆ, ಕೋಆರ್ಡಿನೇಟರಿಗೆ ಸರಿಯಾಗಿ ಪತ್ರ ಬರೆದೇ ಬಿಡ್ತಾಳೆ. ಖಜಾಂಚಿ ಕೆಲಸವನ್ನ ಗೆಳತಿಗೆ ಒಪ್ಪಿಸ್ತಾಳಂತೆ. ಫುಡ್ ಬ್ಯಾಂಕ್ ಇರಲಿ ಅಂತ ಅವರಪ್ಪನೇ ಹೇಳಿದರು, ಅಜ್ಜನ ಕಥೆ ಕೇಳಿ. ದೇವಸ್ಥಾನದ ಕ್ಲಾಸ್ ಬಗ್ಗೆ ಇನ್ನೂ ಜಗಳ ನಡೀತಿದೆ. ಬಿಟ್ಟರೆ ಅಲ್ಲಿನ ಆಂಟಿಯರು ಏನಂದುಕೊಳ್ತಾರೋ ಅನ್ನೋದು ನನ್ನ ಸಮಸ್ಯೆ, ಅವಳದ್ದಲ್ಲ! ಬೇಸಿಗೆಯಲ್ಲಿ ಹಾಸ್ಪಿಸ್ ಶುರು ಮಾಡ್ತೀನಿ ಅಂದಿದಾಳೆ. ಸಾವು ನೋಡೋ ಜಾಗಕ್ಕೆ ಮಗಳನ್ನ ಕಳಿಸೋಕೆ ನನಗೆ ಸ್ವಲ್ಪ ಅಳುಕಿದೆ, ಕೊಡಚಾದ್ರಿಯವರಿಗೆ ಬೇರೆ ಮೆಸೇಜ್ ಮಾಡ್ತೀನಿ.

ಬೀಕರ್ ಸರ್, ಎಸ್‌ಎನ್‌2 ಪಾಠ ಅಡುಗೆಮನೆ ಟೇಬಲ್ ಮೇಲೆ ಆಯ್ತು. ನನಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳ್ತೀನಿ ಅಂತ ಹೋಗಿದಾಳೆ.

ಬೀಕರ್

ಹಾಗಾದರೆ ಪಾಠ ಸರಿಯಾದ ದಾರಿಯಲ್ಲಿದೆ. ಎರಡನೇ ಸಲ ಹೇಳುವಾಗ ಮಾಡೆಲ್ ಕಿಟ್ ಕೈಗೆ ಕೊಡಿ, ಲೈಬ್ರರಿಯಲ್ಲಿ ಎರವಲು ಸಿಗುತ್ತೆ.

ಸುಮ್ನೆ_ಹೇಳ್ದೆ

ಫುಡ್ ಬ್ಯಾಂಕ್ ಅಜ್ಜನ ವಿಷಯ ಚೆನ್ನಾಗಿತ್ತು, ಒಪ್ಕೋತೀನಿ. ಕ್ಲಬ್ ಖಜಾಂಚಿ ಥರ ರೆಸ್ಯೂಮೆ ತುಂಬಿಸೋದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಾಲಲ್ಲಿ_ನಿಂತವ

ಡಾಕ್ಟ್ರೇ, ಕೊನೆಯದಾಗಿ ಒಂದು. ಮಗ ಆಸ್ಪತ್ರೆ ವಾಲಂಟಿಯರ್ ಫಾರ್ಮ್ ತಂದಿದಾನೆ. ಎಂಎಂಆರ್, ಫ್ಲೂ ಲಸಿಕೆ, ಬ್ಯಾಕ್‌ಗ್ರೌಂಡ್ ಚೆಕ್ ಎಲ್ಲ ಸರಿ. ಟಿಬಿ ಟೆಸ್ಟ್ ಅಂತ ಮುಂಗೈಗೆ ಸೂಜಿ ಚುಚ್ಚಿ ಕಳಿಸಿದ್ದರು, ಎರಡು ದಿನ ಬಿಟ್ಟು ನೋಡಿದರೆ ಊದಿಕೊಂಡಿದೆ, ಪಾಸಿಟಿವ್ ಅಂತಿದಾರೆ. ಅವನಮ್ಮ ಗಾಬರಿಯಾಗಿದಾಳೆ. ಹುಡುಗನಿಗೆ ಕೆಮ್ಮು, ಜ್ವರ ಏನೂ ಇಲ್ಲ.

ಹಾಸನದ_ಡಾಕ್ಟ್ರು

ಹುಟ್ಟಿದಾಗ ಮೈಸೂರಿನಲ್ಲಿ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿರುತ್ತೀರಿ, ಎಡತೋಳಿನಲ್ಲಿ ಗುರುತು ಇದೆಯಾ ನೋಡಿ. ಆ ಲಸಿಕೆಯಿಂದಲೂ ಚರ್ಮದ ಟೆಸ್ಟ್ ಊದಿಕೊಳ್ಳಬಹುದು. ಕ್ವಾಂಟಿಫೆರಾನ್ ಎಂಬ ರಕ್ತಪರೀಕ್ಷೆ ಮಾಡಿಸಿ, ಅದಕ್ಕೆ ಬಿಸಿಜಿಯ ಅಡ್ಡಿ ಇಲ್ಲ. ನೆಗೆಟಿವ್ ಬಂದರೆ ಸಾಮಾನ್ಯವಾಗಿ ಆಸ್ಪತ್ರೆಯವರು ಅದನ್ನೇ ಒಪ್ಪುತ್ತಾರೆ. ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ, ಆಮೇಲೆ ನಿಮ್ಮ ಡಾಕ್ಟರ ಜೊತೆ ಮಾತು. ನಮ್ಮ ಊರಿನ ಎಷ್ಟೋ ಜನರ ಮೈಯಲ್ಲಿ ಟಿಬಿ ಸದ್ದಿಲ್ಲದೆ ಮಲಗಿರುತ್ತದೆ, ಅದಕ್ಕೂ ಮಾತ್ರೆ ಇದೆ. ರಿಪೋರ್ಟಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ, ಮುಂದೆ ಪ್ರತಿ ಜಾಗದಲ್ಲೂ ಕೇಳುತ್ತಾರೆ. ಇನ್ನು ಮೇಲೆ ಯಾರಾದರೂ ಸೂಜಿ ತೆಗೆದರೆ "ನನಗೆ ಬಿಸಿಜಿ ಆಗಿದೆ, ರಕ್ತಪರೀಕ್ಷೆಯೇ ಮಾಡಿ" ಎಂದು ಮೊದಲೇ ಹೇಳಲಿ.